ಡಯಾಲಿಸಿಸ್ ನಡೆದಿರುವ ಅಪ್ಪನಿಗೆ ತಂದ ಪೆಡಲ್ ಮಷಿನ್: 5 ತಿಂಗಳ ಅನುಭವ

ಅಪ್ಪನಿಗೆ ವಾರಕ್ಕೆ 3 ಸಲ ಡಯಾಲಿಸಿಸ್, ಪ್ರತಿ ಸಲ 4 ಗಂಟೆ. ಮಾಡಿಸಿಕೊಂಡು ಬಂದ ದಿನ ಪೂರ್ತಿ ಸುಸ್ತು, ಉಳಿದ ದಿನ ಸುಮ್ನೆ ಮಂಚದ ಮೇಲೆ. ತೊಡೆ ಎಷ್ಟು ಸೊರಗಿತ್ತು ಅಂದರೆ ಬಸ್ಸಿನ ಮೆಟ್ಟಿಲು ಹತ್ತಲೂ ನಾನು ರಟ್ಟೆ ಹಿಡಿಯಬೇಕಿತ್ತು. ಡಾಕ್ಟರು ಎದೆ, ಬಿಪಿ ಎಲ್ಲ ನೋಡಿ, ನಿಧಾನಕ್ಕೆ ವ್ಯಾಯಾಮ ಶುರು ಮಾಡಿಸಿ ಅಂದರು. ವಿಜಯಪುರದ ಗಾಂಧಿ ಚೌಕದ ಕಡೆ ಒಂದು ಸರ್ಜಿಕಲ್ ಅಂಗಡಿಯಲ್ಲಿ ಇದನ್ನು ತಂದೆ, 1,800 ರೂಪಾಯಿ. ಸೀಟಿಲ್ಲ, ಹ್ಯಾಂಡಲ್ ಇಲ್ಲ. ಕುರ್ಚಿ ಮುಂದಿಟ್ಟು ತುಳಿಯುವುದು ಅಷ್ಟೇ.

ಮೊದಲು ತೊಂದರೆ ಹೇಳುತ್ತೇನೆ. ನಮ್ಮ ಮನೆಯದು ನುಣುಪು ಫರಸಿ, ತುಳಿದಂತೆಲ್ಲ ಮಷಿನ್ ಮುಂದೆ ಜಾರುತ್ತಿತ್ತು. ಕೆಳಗೆ ಗೋಣಿಚೀಲ ಹಾಸಿ ಗೋಡೆಗೆ ಒತ್ತಿಟ್ಟ ಮೇಲೆ ನಿಂತಿತು. ಬಿಗಿ ಮಾಡುವ ತಿರುಪಿನ ಹತ್ತಿರ 15 ನಿಮಿಷಕ್ಕೇ ಕೈ ಇಡಲಾಗದಷ್ಟು ಬಿಸಿ. ಡಬ್ಬದ ಮೇಲೆ ಕೈಯಿಂದ ತಿರುಗಿಸುವ ಚಿತ್ರವೂ ಇದೆ, ಆದರೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿ ಮಾಡಿದ ಜಾಗ) ಇರುವ ಕೈಗೆ ಡಾಕ್ಟರನ್ನು ಕೇಳದೆ ಆ ಕೆಲಸ ಕೊಡಲೇಬೇಡಿ.

ಶುರುವಲ್ಲಿ 5 ನಿಮಿಷ, ಈಗ 20. ಡಯಾಲಿಸಿಸ್ ಇಲ್ಲದ ದಿನ, ಬಿಸಿಲೇರುವ ಮುಂಚೆ. ತುಳಿಯುತ್ತಲೇ ಮಾತಾಡಲು ಆಗಬೇಕು, ಮಾತು ತುಂಡಾದರೆ ಜಾಸ್ತಿ ಆಯಿತು ಅಂತ ಡಾಕ್ಟರು ಹೇಳಿದ್ದಾರೆ, ಅದಕ್ಕೇ ಅವ್ವ ಎದುರಿಗೆ ಕೂತು ಹೊಲದ ಸುದ್ದಿ ತೆಗೆಯುತ್ತಾಳೆ. ತಲೆ ಸುತ್ತಿದರೆ, ಎದೆ ಹಿಡಿದರೆ ತಕ್ಷಣ ಬಂದ್. ಕೆಲವು ಕಡೆ ಡಯಾಲಿಸಿಸ್ ನಡೆಯುವಾಗಲೇ ತುಳಿಸುತ್ತಾರೆ. ಅದೂ ಸಾಮಾನ್ಯವಾಗಿ ಮೊದಲ 2 ಗಂಟೆಯೊಳಗೆ, ಯಾಕಂದರೆ ಮೈಯಿಂದ ನೀರು ತೆಗೆಯುತ್ತ ಹೋದಂತೆ ಬಿಪಿ ಇಳಿಯಬಹುದು. ನಮ್ಮ ಸೆಂಟರಿನಲ್ಲಿ ಆ ಅನುಕೂಲ ಇಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಆ 4 ಗಂಟೆ ಮಲಗಿ ಫ್ಯಾನ್ ನೋಡುವುದೇ ಅಲ್ವಾ.

ಬಾಯಾರಿಕೆಯದೇ ದೊಡ್ಡ ಕಷ್ಟ. ನಮ್ಮೂರ ಬೇಸಿಗೆ ಗೊತ್ತಲ್ಲ. ಅಪ್ಪನಿಗೆ ನೀರು ಅಳತೆ, ಬಾಯಿ ಮುಕ್ಕಳಿಸಿ ಉಗುಳುತ್ತಾರೆ. ಪಕ್ಕದ ಮನೆಯವರು ಪ್ರೀತಿಯಿಂದ ಎಳನೀರು ತಂದಿದ್ದರು, ಕೈಮುಗಿದು ವಾಪಸ್ ಕೊಟ್ಟೆವು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಹೊರಗೆ ಹಾಕದಿದ್ದರೆ ಹೃದಯಕ್ಕೇ ಅಪಾಯ.

ಮೂರನೇ ತಿಂಗಳಲ್ಲಿ ಒಂದು ದಿನ ಬಸ್ ಬಂತು. ನಾನು ಚೀಟಿ, ಚೀಲ ಎತ್ತಿಕೊಳ್ಳುವಷ್ಟರಲ್ಲಿ ಅಪ್ಪ ಕಂಬಿ ಹಿಡಿದು ಮೇಲೆ ಹತ್ತಿದ್ದರು. "ಲಗೂ ಬಾರೋ, ಸೀಟ್ ಹಿಡದೀನಿ" ಅಂದರು.

ಎಲ್ಲರಿಗೂ ಇಷ್ಟೇ ಗುಣ ಸಿಗುತ್ತದೆ ಅನ್ನಲಾರೆ, ನಮ್ಮ ದುಡ್ಡಿಗಂತೂ ಮೋಸ ಇಲ್ಲ. ತಗೊಳ್ಳುವಾಗ ಅಂಗಡಿಯಲ್ಲೇ ಕುರ್ಚಿ ಹಾಕಿಸಿ ತುಳಿದು ನೋಡಿ, ಕಾಲಿನ ಪಟ್ಟಿಯನ್ನೂ ಎಳೆದು ನೋಡಿ. ನಮ್ಮದು ಎರಡೇ ವಾರಕ್ಕೆ ಹರಿದಿತ್ತು.