ಕೃಷಿ ಹೊಂಡಕ್ಕೆ ಹಾಕಿದ ಏರೇಟರ್ (ನೀರಿಗೆ ಗಾಳಿ ಬಿಡೋ ಮಷೀನ್), ಮೂರು ವರ್ಷ ಓಡ್ಸಿದ್ಮೇಲೆ ಬರೀತಿರೋ ರಿವ್ಯೂ

ತಗೊಂಡ ವಾರಕ್ಕೇ ಐದು ಸ್ಟಾರ್ ಒತ್ತಿರೋರ ಮಾತು ನೋಡಿ ನಾನೂ ತಗೊಂಡೋನು, ಅದಕ್ಕೇ ಮೂರು ವರ್ಷ ಸುಮ್ಮನಿದ್ದು ಈಗ ಬರೀತಿದೀನಿ. ನಮ್ದು ಹೊಸದುರ್ಗದ ಕಡೆ, ದಾಳಿಂಬೆ ಎರಡು ಎಕರೆ, ಅಡಿಕೆ ಸ್ವಲ್ಪ. ಹೊಂಡ ಸರ್ಕಾರದ ಕೃಷಿಭಾಗ್ಯ ಯೋಜನೇಲಿ ಮಾಡ್ಸಿದ್ದು, 21ಕ್ಕೆ 21 ಮೀಟರ್, ಆಳ 3 ಮೀಟರ್, ಒಳಗೆ ಕರೀ ಶೀಟು. ಇಳಿಜಾರು ಕಳೆದು ಲೆಕ್ಕ ಹಾಕಿದ್ರೆ ತುಂಬಿದಾಗ ಒಂಬತ್ತು ಮುಕ್ಕಾಲು ಲಕ್ಷ ಲೀಟರ್ ಹಿಡಿಯುತ್ತೆ. ಈ ಲೆಕ್ಕ ಯಾಕೆ ಹೇಳ್ತಿದೀನಿ ಅಂದ್ರೆ ಇದ್ರಲ್ಲೇ ನಾನು ಒಂದ್ಸಲ ಮಣ್ಣು ಮುಕ್ಕಿದ್ದು.

2021ರ ಬೇಸಿಗೆ. ಹೊಂಡದ ತುಂಬಾ ಪಾಚಿ, ಡ್ರಿಪ್ ಫಿಲ್ಟರ್ ದಿನಾ ಬಿಚ್ಚಿ ತೊಳೀಬೇಕು, ಬಿಚ್ಚಿದ್ರೆ ಡಿಸ್ಕ್ ಮಧ್ಯೆ ಹಸಿರು ಲೋಳೆ, ಕೊನೇ ಸಾಲಿನ ಗಿಡಕ್ಕೆ ನೀರೇ ಹೋಗ್ತಿರಲಿಲ್ಲ. ದಾಳಿಂಬೆಗೆ ಬೋರ್ಡೋ ದ್ರಾವಣ ಹೊಡೆಯೋಕೆ ತಂದಿದ್ದ ಮೈಲುತುತ್ತ (ಕಾಪರ್ ಸಲ್ಫೇಟ್) ಮನೇಲೇ ಇತ್ತು. ಹತ್ತು ಲಕ್ಷ ಲೀಟರಿಗೆ ಎರಡು ಕೆಜಿ ಅಂದ್ರೆ ಎರಡು ಪಿಪಿಎಂ, ಏನಾಗಲ್ಲ ಬಿಡು ಅಂತ ಎರಡೂ ಕೆಜಿ ಕರಗಿಸಿ ಎರಚಿಬಿಟ್ಟೆ. ಆದ್ರೆ ಏಪ್ರಿಲ್‌ನಲ್ಲಿ ಹೊಂಡ ಎಲ್ಲಿ ತುಂಬಿರುತ್ತೆ? ಎದೆಮಟ್ಟಕ್ಕಿಂತ ಒಂಚೂರು ಮೇಲಿತ್ತು, ಹೆಚ್ಚಂದ್ರೆ ನಾಕು ಲಕ್ಷ ಲೀಟರ್. ಪಾಚಿ ಸತ್ತಿದ್ದೇನೋ ನಿಜ, ಎರಡೇ ದಿನಕ್ಕೆ ಹಳದಿ ತಿರುಗಿ ಕೆಳಗಿಳೀತು, ನಾನು ಬೀಗಿದ್ದೂ ನಿಜ. ನಾಕನೇ ದಿನ ಬೆಳಗ್ಗೆ ಐದೂವರೆಗೆ ಹೋದ್ರೆ ಹೊಂಡಕ್ಕೆ ಬಿಟ್ಟಿದ್ದ ಕಾಟ್ಲಾ ರೋಹು ಮೀನೆಲ್ಲಾ ಮೇಲ್ಗಡೆ ಬಾಯಿ ಬಿಡ್ಕೊಂಡು ಪಚ್ ಪಚ್ ಅಂತಿವೆ, ಎಂಟು ಗಂಟೆಗೆ ಬಿಳೀ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿವೆ. ಔಷಧಿ ಜಾಸ್ತಿ ಆಗಿದ್ದೂ ಒಂದು ಪಾಲು ಇರಬೋದು, ಆದ್ರೆ ಅಷ್ಟು ಪಾಚಿ ಒಂದೇ ಸಲ ಸತ್ತು ಕೊಳೆಯೋಕೆ ಶುರು ಮಾಡಿದ್ರೆ ನೀರಲ್ಲಿರೋ ಆಕ್ಸಿಜನ್ ಎಲ್ಲಾ ಅದೇ ಕುಡ್ಕೊಳುತ್ತೆ, ಅದ್ರಲ್ಲೂ ಬೆಳಗಿನ ಜಾವ ಆಕ್ಸಿಜನ್ ತಳ ಕಂಡಿರುತ್ತೆ. ಹಾಕಲೇಬೇಕು ಅಂದ್ರೆ ಇರೋ ನೀರು ಅಳೆದು, ಒಂದು ಮೂಲೆಗೆ ಇವತ್ತು, ಇನ್ನೊಂದು ಮೂಲೆಗೆ ಹತ್ತು ದಿನ ಬಿಟ್ಟು ಹಾಕಬೇಕಂತೆ, ಇದು ಆಮೇಲೆ ಗೊತ್ತಾಗಿದ್ದು.

ಸರಿ, ಆ ನೋವಲ್ಲಿ 2022ರ ಮಾರ್ಚ್‌ಗೆ ಈ ಏರೇಟರ್ ತಗೊಂಡೆ. ಚಕ್ರ ತಿರುಗಿ ನೀರು ಎರಚೋ ಪ್ಯಾಡಲ್ ವೀಲ್ ಅಲ್ಲ ಇದು. ದಂಡೆ ಮೇಲೆ ಒಂದು ಗಾಳಿ ಪಂಪ್, 120 ವ್ಯಾಟ್, ಅಲ್ಲಿಂದ ಪೈಪ್ ಹೋಗಿ ಹೊಂಡದ ತಳದಲ್ಲಿ ಎರಡು ರಬ್ಬರ್ ತಟ್ಟೆ, ತಟ್ಟೆಯಿಂದ ಸಣ್ಣ ಸಣ್ಣ ಗುಳ್ಳೆ. ಪ್ಯಾಡಲ್ ವೀಲ್ ಯಾಕೆ ಬೇಡ ಅಂದ್ರೆ ನಾನು ವಿಚಾರಿಸಿದ್ದು ತ್ರೀ ಫೇಸ್‌ದು, ತೋಟದ ತ್ರೀ ಫೇಸ್ ಏಳು ಗಂಟೆ ಕೊಡ್ತಾರೆ, ಅದು ಮೀನು ಬಾಯಿ ಬಿಡೋ ಹೊತ್ತಿಗೇ ಬರುತ್ತೆ ಅಂತ ಯಾರು ಹೇಳಿದ್ದು. ಇದು ಸಿಂಗಲ್ ಫೇಸ್, ಹೊಂಡ ಮನೆ ಹಿಂದೇನೇ ಇರೋದ್ರಿಂದ ಮನೆ ಲೈನಲ್ಲೇ ಓಡುತ್ತೆ. ರಾತ್ರಿ ಹತ್ತರಿಂದ ಬೆಳಗ್ಗೆ ಎಂಟರವರೆಗೆ ಟೈಮರ್ ಇಟ್ಟಿದೀನಿ, ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ಗೃಹಜ್ಯೋತಿ ಇದ್ರೂ ನಮ್ಮ ಪಾಲಿನ ಉಚಿತ ಯೂನಿಟ್ ದಾಟಿದ್ದಕ್ಕೆ ದುಡ್ಡು ಕಟ್ಟಲೇಬೇಕು, ಕಟ್ತಿದೀನಿ.

ಮೊದಲನೇ ರಾತ್ರಿ ಸೀದಾ ಹತ್ತು ಗಂಟೆ ಓಡ್ಸಿದ್ದು ನನ್ನ ತಪ್ಪು. ವರ್ಷಾನುಗಟ್ಲೆ ತಳದಲ್ಲಿ ಕೂತಿದ್ದ ಕರೀ ಕೆಸರು ನೀರೆಲ್ಲಾ ಮೇಲೆ ಬಂದು ಬೆಳಗ್ಗೆ ಹಿತ್ತಲ ಬಾಗಿಲು ತೆಗೆದ್ರೆ ಕೊಳೆತ ಮೊಟ್ಟೆ ವಾಸನೆ. ಪುಣ್ಯಕ್ಕೆ ಆಗ ಮೀನಿರಲಿಲ್ಲ. ಮೊದಲ ದಿನ ಅರ್ಧ ಗಂಟೆ, ಮಾರನೇ ದಿನ ಒಂದು ಗಂಟೆ, ಹಂಗೇ ಏರಿಸ್ಕೊಂಡು ಹೋಗಬೇಕು. ಡಬ್ಬಿ ಮೇಲೆ ಇದು ಬರೆದಿರಲಿಲ್ಲ, "90 ದಿನದಲ್ಲಿ ಪಾಚಿ ಮಾಯ" ಅಂತ ಮಾತ್ರ ದೊಡ್ಡಕ್ಷರದಲ್ಲಿ ಬರೆದಿತ್ತು. ಅಪ್ಪ ಬಂದು ಗುಳ್ಳೆ ನೋಡಿ "ಏನ್ಲಾ ಇದು, ಮುದ್ದೆಗೆ ಎಸರಿಟ್ಟಂಗೆ ಕುದೀತೈತೆ" ಅಂದು ಹೋದ್ರು.

ಈಗ ಪಾಚಿ ಮಾಯ ಆಯ್ತಾ ಅಂದ್ರೆ, ಯಾವ ಪಾಚಿ ಅಂತ ನಾನು ಕೇಳ್ತೀನಿ. ಒಂದು ಕೋಲು ತಗೊಂಡು ನೀರಲ್ಲಿ ಅದ್ದಿ ಎತ್ತಿ ನೋಡಿ. ಕೂದಲು ಥರಾ ಎಳೆ ಎಳೆಯಾಗಿ ನೇತಾಡಿದ್ರೆ ಅದು ನೂಲು ಪಾಚಿ. ಹಸಿರು ಪೇಂಟಲ್ಲಿ ಅದ್ದಿದಂಗೆ ಕೋಲಿಗೆ ಬಳ್ಕೊಂಡು ಬಂದ್ರೆ ಅದು ನೀಲಿ ಹಸಿರು ಪಾಚಿ, ಅದೇ ಬಿಸಿಲಿಗೆ ಕೆನೆ ಕಟ್ಟಿ ಗಾಳಿ ತಳ್ಳಿದ ಕಡೆ ಮೂಲೆ ಸೇರೋದು, ಅದ್ರಲ್ಲಿ ವಿಷ ಇರೋ ಸಾಧ್ಯತೆ ಇರೋದ್ರಿಂದ ದನಕ್ಕೆ ಆ ನೀರು ಕುಡಿಸಲೇಬೇಡಿ. ನನ್ನ ಹೊಂಡದಲ್ಲಿ ಏರೇಟರ್ ಹಾಕಿದ್ಮೇಲೆ ಈ ಕೆನೆ ಎರಡನೇ ವರ್ಷಕ್ಕೆ ಮುಕ್ಕಾಲು ಪಾಲು ಕಡಿಮೆ ಆಯ್ತು, ವಾಸನೆ ಪೂರ್ತಿ ಹೋಯ್ತು. ನೂಲು ಪಾಚಿಗೆ ಮಾತ್ರ ಇದ್ರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಇಳಿಜಾರಿನ ಶೀಟಿಗೆ ಅಂಟ್ಕೊಂಡು ಹಾಯಾಗಿ ಬೆಳೀತು, ಗುಳ್ಳೆ ಬಂದ್ರೆ ಅದಕ್ಕೇನು.

ಅದು ಕಡಿಮೆ ಆಗಿದ್ದು ಬೇರೆ ಕಾರಣಕ್ಕೆ. ಒಂದಿನ ಸುಮ್ನೆ ದಂಡೆ ಮೇಲೆ ಕೂತಿದ್ದೆ, ನಮ್ಮ ಹುಡುಗ ಡ್ರಿಪ್‌ಗೆ 19:19:19 ಬಿಟ್ಟು ಆಯ್ತು ಅಂತ ಗೊಬ್ಬರ ಕದಡಿದ ಬಕೆಟ್ ತಂದು ಹೊಂಡದಲ್ಲೇ ಅದ್ದಿ, ಎರಡ್ಸಲ ಗಿರ್ ಅಂತ ತಿರುಗಿಸಿ ತೊಳೆದು, ಉಳಿದಿದ್ದನ್ನ ಅಲ್ಲೇ ಚೆಲ್ಲಿ ಹೋದ. "ಯಾಕೋ ಅಲ್ಲಿ ತೊಳೀತೀಯ" ಅಂದ್ರೆ "ನೀರು ಇಲ್ಲೇ ಐತಲ್ಲಣ್ಣ" ಅಂತಾನೆ. ವಾರಕ್ಕೆರಡು ಸಲ, ಎಷ್ಟು ವರ್ಷದಿಂದಲೋ. ಜೊತೆಗೆ ಮಳೆ ಬಂದ್ರೆ ಕೊಟ್ಟಿಗೆ ತೊಳೆದ ನೀರೂ ಇದಕ್ಕೇ ಹರೀತಿತ್ತು. ಪಾಚಿಗೆ ನಾನೇ ಗೊಬ್ಬರ ಹಾಕಿ ಬೆಳೆಸಿ, ಅದನ್ನ ಸಾಯ್ಸೋಕೆ ಹದಿನಾಲ್ಕೂವರೆ ಸಾವಿರದ ಮಷೀನ್ ತಂದಿದ್ದೆ. ಕೊಟ್ಟಿಗೆ ನೀರನ್ನ ಬದು ಕಟ್ಟಿ ತೆಂಗಿನ ಬುಡಕ್ಕೆ ತಿರುಗಿಸಿದ್ವಿ, ಬಕೆಟ್ ತೊಳೆಯೋಕೆ ಬೇರೆ ಕಡೆ ನಲ್ಲಿ ಹಾಕ್ಸಿದ್ವಿ, ಹದಿನೈದು ಹುಲ್ಲುಗೆಂಡೆ ಮೀನಿನ ಮರಿ ಬಿಟ್ವಿ, ಎಳೇ ನೂಲು ಪಾಚಿ ಅವು ತಿಂತಾವೆ, ಬಲಿತಿದ್ದನ್ನ ನಾವೇ ಕುಂಟೆಯಿಂದ ಎಳೆದು ತೆಂಗಿನ ಪಾತಿಗೆ ಹಾಕ್ತೀವಿ. ಎಳೆಯೋವಾಗ ಸೊಂಟಕ್ಕೆ ಹಗ್ಗ ಕಟ್ಕೊಂಡೇ ಎಳೀರಿ, ಪಾಚಿ ಕಟ್ಟಿದ ಶೀಟು ಎಣ್ಣೆ ಸವರಿದಂಗೆ, ಈಜು ಬರೋನೂ ಹತ್ತಿ ಬರೋಕಾಗಲ್ಲ, ನಾವು ನಾಲ್ಕೂ ಮೂಲೆಗೆ ಹಳೇ ಟೈರು ಹಗ್ಗದಲ್ಲಿ ಬಿಟ್ಟಿದೀವಿ. ಇನ್ನೊಂದು, ಪಂಪ್ ನೀರೆಳೆಯೋ ಪೈಪಿನ ತುದೀಲಿರೋ ಫುಟ್‌ವಾಲ್ವ್‌ನ ತಳಕ್ಕೆ ಬಿಡದೆ ಒಂದು ಖಾಲಿ ಕ್ಯಾನಿಗೆ ಕಟ್ಟಿ ನೀರಿನ ಮಟ್ಟದಿಂದ ಎರಡಡಿ ಕೆಳಗೆ ತೇಲೋ ಹಂಗೆ ಮಾಡಿದ್ದಕ್ಕೆ ಮೇಲಿನ ಪಾಚಿನೂ ಬರಲ್ಲ, ತಳದ ಕೆಸರೂ ಬರಲ್ಲ, ಫಿಲ್ಟರ್ ಈಗ ವಾರಕ್ಕೊಂದ್ಸಲ ತೊಳೆದ್ರೆ ಸಾಕು.

ಮಷೀನಿನ ರಗಳೆ ಹೇಳ್ತೀನಿ. ಹದಿನಾಲ್ಕನೇ ತಿಂಗಳಿಗೆ ಒಳಗಿನ ರಬ್ಬರ್ ಡಯಾಫ್ರಂ ಹರೀತು, ವಾರಂಟಿ ಹನ್ನೆರಡು ತಿಂಗಳು. ಮಾರಿದೋನಿಗೆ ಫೋನ್ ಮಾಡಿದ್ರೆ "ಸಾರ್, ವೋಲ್ಟೇಜ್ ಪ್ರಾಬ್ಲಂ ಇರ್ಬೇಕು ನೋಡಿ" ಅಂತ ಒಂದೇ ರಾಗ, ಕೊನೆಗೆ 1,800 ಕೊಟ್ಟು ಕಿಟ್ ತರಿಸಿ ನಾನೇ ಹಾಕ್ದೆ, ನಾಕು ಸ್ಕ್ರೂ ಅಷ್ಟೇ. ಪೈಪ್ ಎರಡು ಸಲ ಇಲಿ ಕಡೀತು, ಈಗ ಅದನ್ನ ಹಳೇ ಪಿವಿಸಿ ಒಳಗೆ ತೂರಿಸಿದೀನಿ. ತಳದ ತಟ್ಟೆಗೆ ನಮ್ಮ ಬೋರಿನ ಗಡಸು ನೀರಿಗೆ ಸುಣ್ಣ ಕಟ್ಟಿ ಗುಳ್ಳೆ ದಪ್ಪ ಆಗುತ್ತೆ, ಒಂದೇ ಕಡೆ ಬುಡುಬುಡು ಅನ್ನುತ್ತೆ. ಆಗ ಹಗ್ಗ ಹಿಡಿದು ಮೇಲೆತ್ತಿ ರಾತ್ರಿಯಿಡೀ ಗಟ್ಟಿ ಹುಣಸೆ ನೀರಲ್ಲಿ ನೆನೆಹಾಕಿ ಬೆಳಗ್ಗೆ ಹಳೇ ಬ್ರಷ್‌ನಲ್ಲಿ ಉಜ್ಜಿದ್ರೆ ಹೊಸದರಂಗೆ ಆಗುತ್ತೆ. ನಮ್ಮನೆಯೋಳು ಹುಣಸೆಹಣ್ಣಿನ ಡಬ್ಬ ಈಗ ಬಚ್ಚಿಡ್ತಾಳೆ.

ಐದಕ್ಕೆ ಮೂರು ಕೊಡ್ತೀನಿ. ಡಬ್ಬಿ ಮೇಲಿನ ಮಾತು ಸುಳ್ಳು ಅಂತ ಎರಡು ಕಳೆದಿದೀನಿ. ಮೀನಿಲ್ಲದ ಹೊಂಡ, ಬರೀ ನೂಲು ಪಾಚಿ ಕಾಟ ಅಂದ್ರೆ ಇದನ್ನ ತಗೋಬೇಡಿ, ಒಂದು ಕುಂಟೆ, ಹಗ್ಗ, ಹದಿನೈದು ಹುಲ್ಲುಗೆಂಡೆ ಸಾಕು. ನಾನಂತೂ ಆರ್ಸಲ್ಲ. ಹೋದ ಮೇ ತಿಂಗಳಲ್ಲಿ ಎರಡು ರಾತ್ರಿ ಕರೆಂಟ್ ಇಲ್ದೆ ನಿಂತಿತ್ತು, ಎರಡನೇ ಬೆಳಗ್ಗೆ ಹೋದ್ರೆ ಮೀನು ಮತ್ತೆ ಬಾಯಿ ಬಿಡ್ತಿದ್ವು, ಡ್ರಿಪ್ಪಿನ ಡೀಸೆಲ್ ಪಂಪ್ ಇಟ್ಟು ಹೊಂಡದ ನೀರನ್ನೇ ಎತ್ತಿ ಎರಡು ಗಂಟೆ ಹೊಂಡಕ್ಕೇ ಧಾರೆ ಬಿಟ್ಟೆ, ಒಂದೂ ಸಾಯಲಿಲ್ಲ.