ರೈಟರ್ ಕಿವಿಗೆ ಮೂವರು ಅಧ್ಯಕ್ಷರು: 450 ರೂಪಾಯಿಯ ಆಡಿಯೋ ಪಾಠ ಹೇಗಿದೆ?

ನಾನು ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ 35 ವರ್ಷ ರೈಟರ್ ಆಗಿದ್ದವನು. ಕೊಡಗಿನ ಹೊರಗಿನವರಿಗೆ ಒಂದು ಮಾತು: ತೋಟದ ರೈಟರ್ ಅಂದ್ರೆ ಕತೆ ಬರೆಯುವವನಲ್ಲ. ಚೆಕ್‌ರೋಲು ಅಂದ್ರೆ ಕೂಲಿಯವರ ಹಾಜರಿ ಪುಸ್ತಕ ಬರೆಯುವವನು, ತೂಕ ಬರೆಯುವವನು, ವಾರಕ್ಕೊಮ್ಮೆ ಬಟವಾಡೆ ಮಾಡುವವನು. ನಿವೃತ್ತಿಯಾಗಿ ಹನ್ನೊಂದು ವರ್ಷ ಆಯ್ತು. ಈಗ ಬೆಳಿಗ್ಗೆ ಎದ್ದು ಮಳೆ ಅಳೆಯುತ್ತೇನೆ. ಆಮೇಲೆ ಪಕ್ಕದ ತೋಟದವರ ಇಂಚಿಗೂ ನನ್ನ ಇಂಚಿಗೂ ಯಾಕೆ ವ್ಯತ್ಯಾಸ ಅಂತ ಫೋನಿನಲ್ಲಿ ಜಗಳ ಆಡುತ್ತೇನೆ.

ಈ ಸಲ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಐದು ದಿನ ಕರೆಂಟ್ ಇರಲಿಲ್ಲ. ಟಿವಿ ಇಲ್ಲ. ಕತ್ತಲಲ್ಲಿ ಪೇಪರ್ ಓದಲು ಕಣ್ಣು ಬಿಡುವುದಿಲ್ಲ. ಮಗಳ ಮಗ ಮಡಿಕೇರಿಯಲ್ಲಿ ಡಿಗ್ರಿ ಓದುತ್ತಾನೆ, ಪರೀಕ್ಷೆಗೆ ಅಂತ ಫೋನಿನಲ್ಲಿ ಕನ್ನಡದ ಒಂದು ಆಡಿಯೋ ಪಾಠಮಾಲೆ ಕೊಂಡಿದ್ದ. "ತಾತಾ, ಸುಮ್ನೆ ಕೇಳಿ ನೋಡಿ, ನಿದ್ದೆ ಆದರೂ ಚೆನ್ನಾಗಿ ಬರುತ್ತೆ" ಅಂದ. ವಿಷಯ ಅಮೆರಿಕದ ಮೂವರು ಸುಧಾರಕ ಅಧ್ಯಕ್ಷರು: ಥಿಯೋಡರ್ ರೂಸ್‌ವೆಲ್ಟ್, ಟಾಫ್ಟ್, ವುಡ್ರೋ ವಿಲ್ಸನ್. ಒಟ್ಟು 14 ಪಾಠ, ಒಂದೊಂದೂ ಮುಕ್ಕಾಲು ಗಂಟೆ, ಬೆಲೆ 450 ರೂಪಾಯಿ. ನಿದ್ದೆ ಬರಲಿಲ್ಲ. ಆಮೇಲೆ ನನ್ನ ಫೋನಿಗೂ ಬೇರೆ ದುಡ್ಡು ಕೊಟ್ಟು ಕೊಂಡೆ.

ಪಾಠಮಾಲೆಯ ಹೆಸರು ಇಲ್ಲಿ ಹಾಕುತ್ತಿಲ್ಲ. ದೂರು ಹೇಳುವುದೂ ಇದೆ, ಮಾಡಿದವರು ಚಿಕ್ಕ ತಂಡ, ಅವರಿಗೆ ನೇರವಾಗಿ ಬರೆದಿದ್ದೇನೆ. ಇಂಥದ್ದು ಕೊಳ್ಳುವವರಿಗೆ ಏನು ನೋಡಿ ಕೊಳ್ಳಬೇಕು ಅಂತ ಗೊತ್ತಾದರೆ ಸಾಕು.

ಮೊದಲು ಚೆನ್ನಾಗಿರುವುದು ಹೇಳುತ್ತೇನೆ. ಪಾಠ ಹೇಳುವ ಮೇಡಂ ಭಾಷಣ ಮಾಡುವುದಿಲ್ಲ. ಜಗಲಿಯಲ್ಲಿ ಕೂತು ಮಾತಾಡುವ ಹಾಗೆ ಹೇಳುತ್ತಾರೆ. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಗೆ ಗುಂಡು ಬಿತ್ತು, ಉಪಾಧ್ಯಕ್ಷನಾಗಿದ್ದ ರೂಸ್‌ವೆಲ್ಟ್ 42ನೇ ವಯಸ್ಸಿಗೆ ಅಧ್ಯಕ್ಷನಾದ, ಇಷ್ಟನ್ನು ಎರಡು ನಿಮಿಷದಲ್ಲಿ ಮುಗಿಸಿ ನೇರ ಕಲ್ಲಿದ್ದಲ ಗಣಿಗೆ ಕರೆದುಕೊಂಡು ಹೋಗುತ್ತಾರೆ. ಮೂರನೇ ಪಾಠ ಅದು. ಇಡೀ ಮಾಲೆಯಲ್ಲಿ ಅತ್ಯುತ್ತಮ. ನಾಲ್ಕು ಸಲ ಕೇಳಿದ್ದೇನೆ.

1902ರ ಮೇ ತಿಂಗಳು. ಪೆನ್ಸಿಲ್ವೇನಿಯಾದಲ್ಲಿ ಸುಮಾರು 1.4 ಲಕ್ಷ ಗಣಿ ಕೆಲಸಗಾರರು ಕೆಲಸ ನಿಲ್ಲಿಸಿದರು. ಕೂಲಿ ಜಾಸ್ತಿ ಮಾಡಿ, ಹೊತ್ತು ಕಡಿಮೆ ಮಾಡಿ ಅಂತ ಬೇಡಿಕೆ. ಜೊತೆಗೆ ಇನ್ನೊಂದು ಇತ್ತು, ಅಲ್ಲಿ ನನ್ನ ಕಿವಿ ನೆಟ್ಟಗಾಯಿತು. ಕಲ್ಲಿದ್ದಲನ್ನು ಸರಿಯಾಗಿ ತೂಗಿ, ಟನ್ ಅಂದ್ರೆ 2,240 ಪೌಂಡ್ ಅಂತ ಲೆಕ್ಕ ಹಾಕಿ ಅನ್ನುವುದು. ಕಂಪನಿಗಳು ಅದಕ್ಕಿಂತ ಎಷ್ಟೋ ಜಾಸ್ತಿ ಕಲ್ಲಿದ್ದಲು ತೆಗೆಸಿಕೊಂಡು ಒಂದೇ ಟನ್ ಅಂತ ಬರೆದುಕೊಳ್ಳುತ್ತಿದ್ದವು. ರೂಸ್‌ವೆಲ್ಟ್ ಅಕ್ಟೋಬರ್‌ನಲ್ಲಿ ಎರಡೂ ಕಡೆಯವರನ್ನು ಕರೆಸಿದ. ಅದಕ್ಕೆ ಒಂದು ತಿಂಗಳ ಹಿಂದೆ ಅವನ ಗಾಡಿಗೆ ಟ್ರಾಮ್ ಗುದ್ದಿತ್ತು, ಕಾಲು ನೋವಿಗೆ ಗಾಲಿಕುರ್ಚಿಯಲ್ಲಿ ಕೂತಿದ್ದ. ಗಣಿ ಮಾಲೀಕರು ಕೆಲಸಗಾರರ ಮುಖಂಡರ ಜೊತೆ ಮಾತಾಡಲೇ ಒಪ್ಪಲಿಲ್ಲ. ಅವರಲ್ಲಿ ಒಬ್ಬ ಆ ಮೊದಲೇ ಒಂದು ಪತ್ರ ಬರೆದಿದ್ದನಂತೆ: ದೇಶದ ಆಸ್ತಿ ನೋಡಿಕೊಳ್ಳಲು ದೇವರೇ ನಮ್ಮಂಥವರನ್ನು ನೇಮಿಸಿದ್ದಾನೆ ಅನ್ನುವ ಅರ್ಥದ್ದು. ಕೊನೆಗೆ ಸೈನ್ಯ ಕಳಿಸಿ ಗಣಿಯನ್ನು ಸರ್ಕಾರವೇ ನಡೆಸುತ್ತದೆ ಅಂತ ಅಧ್ಯಕ್ಷ ಬೆದರಿಸಿದ ಮೇಲೆ ಮಾಲೀಕರು ಆಯೋಗಕ್ಕೆ ಒಪ್ಪಿದರು. ಅದಕ್ಕೆ ಮೊದಲು ಸರ್ಕಾರ ಮಧ್ಯೆ ಬಂದರೆ ಮಾಲೀಕರ ಕಡೆಗೇ ಬರುತ್ತಿತ್ತು.

ಆಯೋಗ 1903ರಲ್ಲಿ ತೀರ್ಪು ಕೊಟ್ಟಿತು. ಕೂಲಿ ನೂರಕ್ಕೆ ಹತ್ತು ಜಾಸ್ತಿ. ಬಹಳ ಜನಕ್ಕೆ ದಿನಕ್ಕೆ ಹತ್ತು ಗಂಟೆ ಇದ್ದದ್ದು ಒಂಬತ್ತಾಯಿತು. ಸಂಘಕ್ಕೆ ಮಾನ್ಯತೆ ಸಿಗಲಿಲ್ಲ. ಆದರೆ ಕೆಲಸಗಾರರು ತಮ್ಮ ಖರ್ಚಿನಲ್ಲಿ ತಮ್ಮದೇ ಒಬ್ಬ ತೂಕದವನನ್ನು ಕಂಪನಿ ತೂಕದವನ ಪಕ್ಕದಲ್ಲಿ ನಿಲ್ಲಿಸಬಹುದು ಅಂತಾಯಿತು.

ಇಲ್ಲಿ ಫೋನ್ ನಿಲ್ಲಿಸಿ ಒಂದು ಲೋಟ ಕಾಫಿ ಕುಡಿದೆ. ಕಾರಣ ಇದೆ.

ನಮ್ಮ ತೋಟದಲ್ಲೂ ಕಾಫಿ ಹಣ್ಣು ಕುಯ್ಯುವಾಗ ಕೂಲಿ ಕೆಜಿ ಲೆಕ್ಕದಲ್ಲಿ. ಸಂಜೆ ಕಣದಲ್ಲಿ ಚೀಲ ತೂಗುತ್ತಾರೆ, ರೈಟರ್ ಬರೆಯುತ್ತಾನೆ. ನಮ್ಮಲ್ಲಿ ಯರವರ (ಇಲ್ಲಿನ ಒಂದು ಬುಡಕಟ್ಟು) ಒಬ್ಬ ಹೆಂಗಸು ಇದ್ದಳು. ಓದು ಬರಹ ಇಲ್ಲ. ಸೊಂಟಕ್ಕೆ ಒಂದು ದಾರ. ತೂಗಿದ ಮೇಲೆ ಮುಳ್ಳು ಎಲ್ಲಿ ನಿಂತಿತು ಅಂತ ನೋಡಿ, ಐದು ಕೆಜಿಗೆ ಒಂದು ಗಂಟು ಹಾಕುತ್ತಿದ್ದಳು. ಬಟವಾಡೆ ದಿನ ದಾರ ಬಿಚ್ಚಿ ನನ್ನ ಮೇಜಿನ ಮೇಲೆ ಇಡುವಳು. ಎಂಟು ಹತ್ತು ವರ್ಷದಲ್ಲಿ ಒಂದೇ ಸಲ ಲೆಕ್ಕ ತಾಳೆ ಆಗಲಿಲ್ಲ. ನಾನು ಸ್ವಲ್ಪ ಗದರಿದೆ. ಆಮೇಲೆ ಪುಸ್ತಕ ನೋಡಿದರೆ, ಗುರುವಾರದ ಹತ್ತು ಕೆಜಿಯನ್ನು ನಾನೇ ಕೆಳಗಿನ ಸಾಲಿಗೆ ಬರೆದಿದ್ದೆ. ಅವಳ ದಾರ ಸರಿ, ನನ್ನ ಪೆನ್ನು ತಪ್ಪು. ಪೆನ್ಸಿಲ್ವೇನಿಯಾದವರು ಯಾಕೆ ಅಷ್ಟು ತಿಂಗಳು ಹೊಟ್ಟೆ ಕಟ್ಟಿ ಕೂತರು ಅಂತ ನನಗೆ ಪಾಠ ಹೇಳಬೇಕಾಗಿಲ್ಲ.

ಮುಂದಿನ ಪಾಠಗಳನ್ನೆಲ್ಲ ನಾನು ಇದೇ ಕಿವಿಯಲ್ಲಿ ಕೇಳಿದ್ದು. ಮೇಡಂ ಕೋರ್ಟು ಕೇಸುಗಳ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ರೈಲ್ವೆ ಕಂಪನಿಗಳನ್ನು ಒಂದುಗೂಡಿಸಿದ್ದ ನಾರ್ದರ್ನ್ ಸೆಕ್ಯುರಿಟೀಸ್ ಮೇಲೆ ಕೇಸ್, 1904ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಐದು ಜಡ್ಜ್ ಪರ, ನಾಲ್ವರು ವಿರುದ್ಧ, ಸರ್ಕಾರಕ್ಕೆ ಗೆಲುವು. ಕೇಳಲು ಮಜಾ ಇದೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸಿದ್ದು ಅವರು ಓಡುತ್ತಾ ಹೇಳಿ ದಾಟಿದ ಎರಡು ಸಂಗತಿ. 1903ರಲ್ಲಿ ಕಂಪನಿಗಳ ಲೆಕ್ಕ ಪುಸ್ತಕ ತೆಗೆಸಿ ನೋಡಲು ಒಂದು ಬ್ಯೂರೋ ಮಾಡಿದರು. 1906ರ ಹೆಪ್‌ಬರ್ನ್ ಕಾಯ್ದೆಯಲ್ಲಿ ರೈಲ್ವೆ ಬಾಡಿಗೆಗೆ ಮಿತಿ ಹಾಕುವ ಅಧಿಕಾರ ಸರ್ಕಾರಿ ಆಯೋಗಕ್ಕೆ ಬಂತು. ಜೊತೆಗೆ ಎಲ್ಲ ರೈಲ್ವೆಗಳೂ ಒಂದೇ ರೀತಿಯಲ್ಲಿ ಲೆಕ್ಕ ಬರೆಯಬೇಕು ಅಂತ ಹೇಳುವ ಅಧಿಕಾರವೂ ಬಂತು. ಹತ್ತು ತೋಟದಲ್ಲಿ ಹತ್ತು ನಮೂನೆ ಪುಸ್ತಕ ಇದ್ದರೆ ಯಾರ ಕಳ್ಳತನ ಯಾರು ಹಿಡಿಯುತ್ತಾರೆ? ಟ್ರಸ್ಟ್ (ಒಂದಿಡೀ ವ್ಯಾಪಾರವನ್ನು ಕೈಯಲ್ಲಿ ಹಿಡಿದ ಕಂಪನಿಗಳ ಕೂಟ) ಒಡೆದದ್ದಕ್ಕಿಂತ ಪುಸ್ತಕ ತೆರೆಸಿದ್ದೇ ರೂಸ್‌ವೆಲ್ಟ್‌ನ ದೊಡ್ಡ ಕೆಲಸ ಅಂತ ನನ್ನ ಲೆಕ್ಕ. ಮೇಡಂ ಒಪ್ಪುವುದಿಲ್ಲ ಅನ್ನಿಸುತ್ತೆ.

ಈಗ ದೂರು. ಟಾಫ್ಟ್‌ಗೆ 14ರಲ್ಲಿ ಒಂದೇ ಪಾಠ! ಅದರಲ್ಲೂ ಆರು ನಿಮಿಷ ಅವನ ಮೈ ತೂಕ, ಸ್ನಾನದ ತೊಟ್ಟಿಯಲ್ಲಿ ಸಿಕ್ಕಿಕೊಂಡ ಕತೆ. ಆ ಕತೆಗೆ ಗಟ್ಟಿ ಸಾಕ್ಷಿ ಇಲ್ಲ ಅಂತ ಕೊನೆಗೆ ಮೇಡಂ ಅವರೇ ಹೇಳುತ್ತಾರೆ. ಮತ್ಯಾಕೆ ಆರು ನಿಮಿಷ? ಟ್ರಸ್ಟ್‌ಗಳ ಮೇಲೆ ರೂಸ್‌ವೆಲ್ಟ್ ಏಳೂವರೆ ವರ್ಷದಲ್ಲಿ ಹಾಕಿದ್ದು 40ಕ್ಕೂ ಹೆಚ್ಚು ಕೇಸ್. ಈ ದಪ್ಪ ಮನುಷ್ಯ ನಾಲ್ಕೇ ವರ್ಷದಲ್ಲಿ ಅದರ ಸುಮಾರು ಎರಡರಷ್ಟು ಹಾಕಿದ. ಸ್ಟ್ಯಾಂಡರ್ಡ್ ಆಯಿಲ್ 34 ಕಂಪನಿಯಾಗಿ ಒಡೆದದ್ದು 1911ರಲ್ಲಿ, ಇವನ ಕಾಲದಲ್ಲೇ. ಸರ್ಕಾರಿ ಕಚೇರಿಗಳಲ್ಲಿ ಖರ್ಚು ಹೇಗಾಗುತ್ತದೆ, ಪತ್ರ ಹೇಗೆ ಫೈಲ್ ಆಗುತ್ತದೆ ಅಂತ ನೋಡಲು ಸಮಿತಿ ಮಾಡಿದ. ದೇಶಕ್ಕೆ ಒಂದೇ ಬಜೆಟ್ ಬೇಕು ಅಂತ 1912ರಲ್ಲಿ ಕಾಂಗ್ರೆಸ್ ಅಂದ್ರೆ ಅವರ ಸಂಸತ್ತಿನ ಮುಂದೆ ಇಟ್ಟ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಕಾಯ್ದೆ ಆಗಿದ್ದು 1921ರಲ್ಲಿ. ರೂಸ್‌ವೆಲ್ಟ್ ಜೀಪಿನಲ್ಲಿ ಬಂದು ಕಣದಲ್ಲಿ ನಿಂತು ಕೂಗುವ ಸಾವುಕಾರ (ತೋಟದ ಮಾಲೀಕ), ಟಾಫ್ಟ್ ಒಳಗೆ ಕೂತು ಪುಸ್ತಕ ಬರೆಯುವ ರೈಟರ್. ರೈಟರ್‌ಗೆ ಯಾರೂ ಹಾರ ಹಾಕುವುದಿಲ್ಲ ಬಿಡಿ, ನನಗೆ ಅದು ಗೊತ್ತಿದೆ.

1912ರ ಚುನಾವಣೆ ಪಾಠ ಚೆನ್ನಾಗಿದೆ, ಸ್ವಲ್ಪ ಸಿನಿಮಾ ಥರ. ಟಾಫ್ಟ್‌ನನ್ನು ಕೈ ಹಿಡಿದು ಮೇಲೆ ತಂದವನೇ ರೂಸ್‌ವೆಲ್ಟ್. ಅವನೇ ತಿರುಗಿ ಬಿದ್ದ. ಜನರೇ ಅಭ್ಯರ್ಥಿ ಆರಿಸುವ ಪ್ರೈಮರಿ ಆಗ ಹೊಸದು. ಅದು ನಡೆದ ರಾಜ್ಯಗಳಲ್ಲಿ ಹೆಚ್ಚಿನವು ರೂಸ್‌ವೆಲ್ಟ್‌ಗೆ ಬಂದವು, ಟಾಫ್ಟ್‌ನ ಸ್ವಂತ ರಾಜ್ಯ ಒಹಾಯೋ ಕೂಡ. ಆದರೆ ಷಿಕಾಗೋ ಸಮಾವೇಶದಲ್ಲಿ ಪಕ್ಷದ ಯಂತ್ರ ಟಾಫ್ಟ್ ಕೈಯಲ್ಲಿತ್ತು, ಟಿಕೆಟ್ ಅವನಿಗೇ ಹೋಯಿತು. ರೂಸ್‌ವೆಲ್ಟ್ ಹೊರಗೆ ಬಂದು ಹೊಸ ಪಕ್ಷ ಕಟ್ಟಿದ. ಅಕ್ಟೋಬರ್ 14ರಂದು ಮಿಲ್ವಾಕಿಯಲ್ಲಿ ಎದೆಗೆ ಗುಂಡು ಬಿತ್ತು. ಜೇಬಿನಲ್ಲಿದ್ದ ಭಾಷಣದ ಕಾಗದದ ಕಟ್ಟು ಮತ್ತು ಕನ್ನಡಕದ ಡಬ್ಬಿ ತೂರಿ ಬಂದಿದ್ದರಿಂದ ಬದುಕಿದ. ಆ ರಕ್ತದ ಅಂಗಿಯಲ್ಲೇ ಒಂದು ಗಂಟೆಗೂ ಮೇಲೆ ಭಾಷಣ ಮಾಡಿದ. ಫಲಿತಾಂಶ: ವಿಲ್ಸನ್‌ಗೆ ಜನರ ಮತ ನೂರಕ್ಕೆ 42ರಷ್ಟು, ಎಲೆಕ್ಟೋರಲ್ ಮತ (ರಾಜ್ಯವಾರು ಲೆಕ್ಕದ್ದು, ಗೆದ್ದವರು ಯಾರು ಅಂತ ತೀರ್ಮಾನಿಸುವುದು ಇದೇ) 435. ರೂಸ್‌ವೆಲ್ಟ್‌ಗೆ 88. ಪಾಪ, ಟಾಫ್ಟ್‌ಗೆ 8. ನಮ್ಮ ಊರಿನ ಪಂಚಾಯ್ತಿ ಚುನಾವಣೆಯಲ್ಲಿ ಅಣ್ಣ ತಮ್ಮ ಇಬ್ಬರೂ ನಿಂತು ಎದುರು ಮನೆಯವನು ಗೆದ್ದ ಕತೆ ಇದೆ. ಎಲೆಕ್ಟೋರಲ್ ಮತ ಮಾತ್ರ ಇರಲಿಲ್ಲ.

ವಿಲ್ಸನ್ ಪಾಠಗಳು ನಾಲ್ಕು. ಮೇಷ್ಟ್ರು ಮನುಷ್ಯ, ಹೋಂವರ್ಕ್ ಮಾಡಿಕೊಂಡು ಬಂದಿದ್ದ ಅನ್ನಿಸುತ್ತೆ. 1913ರಲ್ಲಿ ಆಮದು ಸುಂಕ ಇಳಿಸಿದ, ಆದಾಯ ತೆರಿಗೆ ತಂದ, ಡಿಸೆಂಬರ್‌ನಲ್ಲಿ ಫೆಡರಲ್ ರಿಸರ್ವ್, ಅಂದ್ರೆ ಅವರ ಕೇಂದ್ರ ಬ್ಯಾಂಕ್. 1914ರಲ್ಲಿ ಟ್ರಸ್ಟ್‌ಗಳ ವಿರುದ್ಧದ ಕ್ಲೇಟನ್ ಕಾಯ್ದೆ, ವ್ಯಾಪಾರದ ಮೋಸ ತಡೆಯುವ ಫೆಡರಲ್ ಟ್ರೇಡ್ ಕಮಿಷನ್. ಲೆಕ್ಕ ಪುಸ್ತಕ ನೋಡುತ್ತಿದ್ದ ಆ ಹಳೆಯ ಬ್ಯೂರೋ ಈ ಕಮಿಷನ್ ಒಳಗೆ ಸೇರಿಹೋಯಿತು. ಸೆನೆಟರ್‌ಗಳನ್ನು ಜನರೇ ನೇರ ಆರಿಸುವ ತಿದ್ದುಪಡಿಯೂ 1913ರಲ್ಲೇ. ಇದೇ ವಿಲ್ಸನ್ ಆಡಳಿತದಲ್ಲಿ ಸರ್ಕಾರಿ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸಿದರು. ಇದು ಪಾಠದಲ್ಲಿ ಒಂದೇ ನಿಮಿಷ. ಸ್ನಾನದ ತೊಟ್ಟಿಗೆ ಆರು, ಇದಕ್ಕೆ ಒಂದು. ಇದನ್ನು ಕಡಿಮೆ ಸ್ಟಾರ್ ಕೊಡುವಾಗ ನೆನಪಿಟ್ಟುಕೊಂಡೆ. ನಾನೂ ಹೆಂಗಸರ ಹಾಜರಿಗೆ ಬೇರೆ ಕಾಲಂ ಎಳೆದವನೇ. ಎಳೆಯುವಾಗ ಕೈ ನಡುಗಿತ್ತು ಅಂತ ಸುಳ್ಳು ಹೇಳುವುದಿಲ್ಲ.

ಇನ್ನೊಂದು ದೂರು ಕಾಫಿಯವರದ್ದು. ಬ್ರೆಜಿಲ್ ಹೆಸರೇ ಬರುವುದಿಲ್ಲ. ಸಾವುಕಾರರ ಆಫೀಸಿನ ಅಟ್ಟದ ಹಳೆಯ ಕಾಫಿ ಪತ್ರಿಕೆಗಳಲ್ಲಿ ನಾನು ಓದಿದ್ದು ಹೀಗೆ. 1906ರ ಹೊತ್ತಿಗೆ ಬೆಳೆ ವಿಪರೀತ ಬಂದು ಬೆಲೆ ಬೀಳುತ್ತಿತ್ತು. ಸಾವೋ ಪೌಲೋ ರಾಜ್ಯ ಸಾಲ ಮಾಡಿ ಕಾಫಿ ಕೊಂಡು ಹೊರದೇಶದ ಗೋದಾಮಿನಲ್ಲಿ ಇಟ್ಟಿತು. ಅದರಲ್ಲಿ ಒಂದು ಪಾಲು ನ್ಯೂಯಾರ್ಕಿನಲ್ಲಿತ್ತು. 1912ರಲ್ಲಿ ಟಾಫ್ಟ್ ಸರ್ಕಾರ ಇದು ಟ್ರಸ್ಟ್ ಥರದ ಕೂಟ, ನಮ್ಮ ಜನಕ್ಕೆ ಕಾಫಿ ದುಬಾರಿ ಆಗುತ್ತಿದೆ ಅಂತ ಕೇಸ್ ಹಾಕಿತು. ಬ್ರೆಜಿಲ್ ಸಿಟ್ಟಾಯಿತು. ಗೋದಾಮಿನಲ್ಲಿಟ್ಟ ಕಾಫಿ ಮಾರುತ್ತೇವೆ ಅಂತಾದ ಮೇಲೆ 1913ರಲ್ಲಿ ಕೇಸ್ ಬಿಟ್ಟರು. ಕುಡಿಯುವವನ ಕಡೆಯಿಂದ ನೋಡಿದರೆ ಟಾಫ್ಟ್ ಸರಿ. ಬೆಳೆಯುವವನ ಕಡೆಯಿಂದ? ಇಲ್ಲಿ ನನ್ನ ಪ್ರೀತಿಯ ಟಾಫ್ಟ್ ಜೊತೆಗೇ ನನಗೆ ತಕರಾರು.

ಕೊಡಗಿನಲ್ಲಿ ಈ ಪ್ರಶ್ನೆ ಹಳೆಯದು. 1996ರವರೆಗೆ ನಮ್ಮಲ್ಲಿ ಕಾಫಿ ಬೋರ್ಡಿನ ಪೂಲ್ ಇತ್ತು. ಬೆಳೆದ ಕಾಫಿ ಪೂಲ್‌ಗೆ ಕೊಡಬೇಕು, ದುಡ್ಡು ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಬರುತ್ತದೆ. 1992ರಿಂದ ಸ್ವಲ್ಪ ಸ್ವಲ್ಪ ಬಿಟ್ಟರು, ಕೊನೆಗೆ ಪೂರ್ತಿ ಬಿಟ್ಟರು. ಎರಡೂ ಕಾಲದ ಪುಸ್ತಕ ನಾನೇ ಬರೆದದ್ದು. ಪೂಲ್ ಕಾಲದಲ್ಲಿ ದುಡ್ಡು ಯಾವಾಗ ಬರುತ್ತೆ ಅಂತ ಬೈಯುತ್ತಿದ್ದೆವು. ಈಗ ಗೇಟಿಗೆ ಬರುವ ವ್ಯಾಪಾರಿ ಔಟ್‌ಟರ್ನ್ (ಒಣಗಿದ ಹಣ್ಣಿನಲ್ಲಿ ಸಿಗುವ ಬೀಜದ ತೂಕ) ಎಷ್ಟು ತೋರಿಸುತ್ತಾನೆ ಅಂತ ಕಣ್ಣಿಟ್ಟು ಕೂರುತ್ತೇವೆ. ಐವತ್ತು ಕೆಜಿ ಚೆರ್ರಿಯಲ್ಲಿ (ಒಣಗಿಸಿದ ಕಾಫಿ ಹಣ್ಣು) ಬೀಜ ಅರ್ಧ ಕೆಜಿ ಕಡಿಮೆ ಅಂತ ಬರೆದರೆ ಸಾಕು, ಒಂದು ಲೋಡಿಗೆ ಎಷ್ಟಾಗುತ್ತೆ ನೋಡಿ. ಅಮೆರಿಕದ ಪಾಠಮಾಲೆಗೆ ಪೂಲ್ ಬೇಡ, ನಿಜ. ಬ್ರೆಜಿಲ್ ಕೇಸ್ ಮಾತ್ರ ಬೇಕಿತ್ತು, ಅದು ಅವರದ್ದೇ ಕತೆ ಅಲ್ವಾ?

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಪ್ರತಿ ಪಾಠದ ಶುರುವಿನಲ್ಲಿ ತುತ್ತೂರಿ ಸಂಗೀತ ಇದೆ, ಮಲಗಿದ್ದ ನಾಯಿ ಎದ್ದು ಬೊಗಳಿತು. ಜೊತೆಗೆ ಕೊಡುವ ಟಿಪ್ಪಣಿಯಲ್ಲಿ ಅಕ್ಷರ ತೀರಾ ಸಣ್ಣದು. ಏಳನೇ ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ಫೋನ್ ಮಾಡಿದೆ. ಎತ್ತಿದ ಹುಡುಗ ವಿನಯವಾಗಿ ಮಾತಾಡಿದ, "ಸರ್, ಎರಡು ದಿನ ಕೊಡಿ" ಅಂದ, ನಾಲ್ಕು ದಿನಕ್ಕೆ ಸರಿ ಮಾಡಿದ. ಟಾಫ್ಟ್‌ಗೆ ಇನ್ನೊಂದು ಪಾಠ ಸೇರಿಸಿ ಅಂತಲೂ ಹೇಳಿದೆ. "ಟಾಫ್ಟ್‌ಗಾ ಸರ್?" ಅಂತ ಎರಡು ಸಲ ಕೇಳಿ ಬರೆದುಕೊಂಡ.

ಐದಕ್ಕೆ ಮೂರೂವರೆ ಸ್ಟಾರ್. ಮೂರನೇ ಪಾಠ ಒಂದಕ್ಕೇ ಐದು. 450 ರೂಪಾಯಿಗೆ ಮೋಸ ಇಲ್ಲ. ಪರೀಕ್ಷೆಗೆ ಓದುವ ಮಕ್ಕಳಿಗೆ ಇಸವಿಗಳೆಲ್ಲ ಸಿಗುತ್ತವೆ. ನಮ್ಮ ಕಡೆಯವರು ಕೊಂಡರೆ ಮಾತ್ರ 14 ಪಾಠವನ್ನೂ ಮಳೆಗೆ ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ. ನಾನು ಕುಶಾಲನಗರಕ್ಕೆ ಮಗಳ ಮನೆಗೆ ಹೋದಾಗ ಇಳಿಸಿಕೊಂಡು ಬಂದೆ. ಸಿದ್ದಾಪುರದಿಂದ ಒಳಗೆ ಬಂದರೆ ಸಿಗ್ನಲ್ ಇರುವುದು ನಮ್ಮ ಗೇಟಿನ ಹತ್ತಿರದ ಹಲಸಿನ ಮರದ ಕೆಳಗೆ ಮಾತ್ರ, ಹಣ್ಣಿನ ಕಾಲದಲ್ಲಿ ಅಲ್ಲಿ ಆನೆ ನಿಂತಿರುತ್ತದೆ.