ಅಮೆರಿಕಾದ ಸಮ್ಮರ್ ಕ್ಯಾಂಪ್ ಕೆಲಸ ಅಂತ ಏಜೆಂಟಿಗೆ ದುಡ್ಡು ಕೊಡುವ ಮೊದಲು ಓದಿ

ಉಡುಪಿ ಮಂಗಳೂರು ಕಡೆಯ ಕಾಲೇಜು ಮಕ್ಕಳು, ಬಿಪಿಎಡ್ ಮಾಡ್ತಿರುವವರು ದಯವಿಟ್ಟು ಪೂರ್ತಿ ಓದಿ, ಮನೆಯವರಿಗೂ ಓದಿಸಿ. ಅಮೆರಿಕಾದಲ್ಲಿ ಮಕ್ಕಳ ಸಮ್ಮರ್ ಕ್ಯಾಂಪಲ್ಲಿ ಕೆಲಸ ಉಂಟು, ಗಂಟೆಗೆ 15 ಡಾಲರ್, ಊಟ ರೂಮ್ ಫ್ರೀ, ಆಮೇಲೆ ಅಲ್ಲೇ ಬೇರೆ ಕೆಲಸ ಹುಡುಕಿ ನಿಲ್ಬಹುದು ಅಂತೆಲ್ಲ ಹೇಳಿ ಮಂಗಳೂರಿನ ಒಂದು ಆಫೀಸಿನವರು ನಮ್ಮಿಂದ ಎರಡೂವರೆ ಲಕ್ಷ ತಗೊಂಡ್ರು. ಅದರಲ್ಲಿ ಊಟ ರೂಮ್ ಒಂದು ಬಿಟ್ರೆ ಬೇರೆ ಯಾವುದೂ ನಿಜ ಅಲ್ಲ.

ನಾನು ಅಜ್ಜರಕಾಡು ಪೂಲಲ್ಲಿ ಚಿಕ್ಕ ಮಕ್ಕಳಿಗೆ ಈಜು ಕಲಿಸ್ತಿದ್ದೆ, ಹಾಗಾಗಿ ಸ್ವಿಮ್ಮಿಂಗ್ ಕಲಿಸುವ ಕೆಲಸವೇ ಸಿಗ್ತದೆ ಅಂದ್ರು. ಲೈಫ್‌ಗಾರ್ಡ್ ಸರ್ಟಿಫಿಕೇಟ್ ಬೇಕಾ ಅಂತ ಅಪ್ಪ ಕೇಳಿದ್ದಕ್ಕೆ "ಎಂತ ಬೇಡ ಮಾರಾಯ್ರೆ, ಎಲ್ಲ ಅಲ್ಲೇ ಮಾಡಿಸ್ತಾರೆ" ಅಂದ್ರು. ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟದ ಹತ್ರದ ಕ್ಯಾಂಪ್ ಅದು, ಹೋಗಿ ಮುಟ್ಟಿದ ಮೇಲೆ ಮೊದಲು ಕೇಳಿದ್ದೇ ಆ ಸರ್ಟಿಫಿಕೇಟ್, ಅದಿಲ್ಲ ಅಂದ ಕೂಡ್ಲೆ ಕಿಚನ್‌ಗೆ ಹಾಕಿದ್ರು. ಬೆಳಿಗ್ಗೆ ಮಕ್ಕಳು ಏಳುವ ಮೊದಲು ಶುರು, ರಾತ್ರಿ ಅವರೆಲ್ಲ ಕ್ಯಾಂಪ್‌ಫೈರ್ ಹತ್ರ ಹಾಡ್ತಿರುವಾಗ ನಾನು ನೂರಾರು ಟ್ರೇ, ತಳ ಹಿಡಿದ ದೊಡ್ಡ ದೊಡ್ಡ ಪಾತ್ರೆ ತಿಕ್ಕಿಕೊಂಡು ಇರ್ತಿದ್ದೆ, ಸೋಪಿನ ನೀರಿಗೆ ಬೆರಳಿನ ಸಂದಿ ಎಲ್ಲ ಒಡೆದು ಉರಿ. ಪಾತ್ರೆ ತೊಳೆಯುವುದು ಕೀಳು ಕೆಲಸ ಅಂತ ನಾನು ಹೇಳ್ತಿಲ್ಲ, ಆದ್ರೆ ಮಕ್ಕಳ ಜೊತೆ ಇರ್ಬೇಕು ಅಂತ ಅಷ್ಟು ದೂರ ಹೋದವನಿಗೆ ಮಕ್ಕಳು ಕಾಣುವುದು ಕೌಂಟರಿನ ಆಚೆ ಬದಿಯಿಂದ ಮಾತ್ರ ಅಂದ್ರೆ ಹೊಟ್ಟೆ ಉರಿಯುವುದಿಲ್ವಾ?

ಇಲ್ಲಿ ಸರಿಯಾಗಿ ಗಮನ ಕೊಡಿ. ಈ ಕೆಲಸಕ್ಕೆ ಹೋಗುವುದು ಜೆ-1 ಅಂತ ಎಕ್ಸ್‌ಚೇಂಜ್ ಪ್ರೋಗ್ರಾಮ್ ವೀಸಾದಲ್ಲಿ, ಕ್ಯಾಂಪ್ ಕೌನ್ಸೆಲರ್ (ಕ್ಯಾಂಪಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು) ಕ್ಯಾಟಗರಿ, ಹೆಚ್ಚೆಂದ್ರೆ 4 ತಿಂಗಳು. ಕ್ಯಾಂಪಿನ ಚಿಕ್ಕಪುಟ್ಟ ಕೆಲಸ ಎಲ್ಲ ಕೌನ್ಸೆಲರ್‌ಗಳೂ ಮಾಡ್ತಾರೆ, ಅದು ಸರಿ, ಆದ್ರೆ ಅಡುಗೆಯವರು, ಪಾತ್ರೆ ತೊಳೆಯುವವರು, ಕ್ಲೀನಿಂಗಿನವರು ಬೇಕು ಅಂತ ವಿದೇಶದವರನ್ನು ತರಿಸ್ಲಿಕ್ಕೆ ಈ ಪ್ರೋಗ್ರಾಮ್ ಇಲ್ಲ ಅಂತ ಅಮೆರಿಕಾದ ರೂಲ್ಸಲ್ಲೇ ಬರೆದುಂಟು. ಗಂಟೆ ಲೆಕ್ಕದ ಸಂಬಳವೂ ಸುಳ್ಳು. ವರ್ಷಕ್ಕೆ 7 ತಿಂಗಳಿಗಿಂತ ಜಾಸ್ತಿ ನಡೆಯದ ಇಂಥ ಸೀಸನಲ್ ಕ್ಯಾಂಪ್‌ಗಳಿಗೆ ಅಲ್ಲಿನ ಫೆಡರಲ್ ಮಿನಿಮಮ್ ವೇಜ್‌ನಿಂದ, ಓವರ್‌ಟೈಮ್‌ನಿಂದ ವಿನಾಯಿತಿ ಉಂಟು, ಹಾಗಾಗಿ ಇಡೀ ಸೀಸನ್‌ಗೆ ಇಷ್ಟು ಅಂತ ಒಂದು ಮೊತ್ತ ಕೊಡ್ತಾರೆ ಅಷ್ಟೇ.

ಈ ವೀಸಾಕ್ಕೆ ಅಮೆರಿಕಾ ಸರ್ಕಾರ ಒಪ್ಪಿದ ಒಂದು ಸ್ಪಾನ್ಸರ್ ಸಂಸ್ಥೆ ಇರಲೇಬೇಕು, ವೀಸಾಕ್ಕೆ ಬೇಕಾದ ಡಿಎಸ್-2019 ಅಂತ ಫಾರ್ಮ್ ಕೊಡುವುದು ಅವರೇ, ಇಲ್ಲಿಯ ಏಜೆಂಟ್ ಅಲ್ಲ. ನನ್ನ ಫಾರ್ಮನ್ನು ಏಜೆಂಟ್ ಚೆನ್ನೈ ಇಂಟರ್‌ವ್ಯೂಗೆ ಹೊರಡುವ ದಿನದವರೆಗೆ ಕೈಗೇ ಕೊಟ್ಟಿರ್ಲಿಲ್ಲ, ಕೇಳಿದಾಗೆಲ್ಲ ಫೈಲಲ್ಲಿ ಉಂಟು ಅಂತ ಹೇಳುವುದು. ಸ್ಪಾನ್ಸರ್‌ಗೆ ನೇರ ಕಾಲ್ ಮಾಡಿದ್ರೆ ಇವರ ಬಂಡವಾಳ ಬಯಲಾಗ್ತದಲ್ಲ! ಫೀಸಿನ ಲೆಕ್ಕ ಕೂಡ ನೋಡಿ, ನಾನು ಹೋಗುವಾಗ ವೀಸಾ ಫೀ 185 ಡಾಲರ್, ಸೆವಿಸ್ ಫೀ (ಇಂಥ ವೀಸಾದವರ ದಾಖಲೆ ಇಡುವ ಅಮೆರಿಕಾ ಸರ್ಕಾರದ ಸಿಸ್ಟಮ್‌ನ ಫೀ) 35 ಡಾಲರ್, ಇವರು ಈ ಎರಡಕ್ಕೇ ಲಕ್ಷದ ಮೇಲೆ ಹಾಕಿದ್ರು. ವಿದೇಶಕ್ಕೆ ಕೆಲಸಕ್ಕೆ ಜನ ಕಳಿಸುವ ಏಜೆಂಟಿಗೆ 1983ರ ಎಮಿಗ್ರೇಶನ್ ಕಾಯ್ದೆ ಪ್ರಕಾರ ರಿಜಿಸ್ಟ್ರೇಶನ್ ಬೇಕು, ಸರ್ವಿಸ್ ಚಾರ್ಜ್ 30,000 ರೂಪಾಯಿ ಮತ್ತೆ ಅದರ ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ನಮ್ಮ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಲ್ಲಿ ಏಜೆಂಟಿನ ಹೆಸರು ಹಾಕಿ ನೋಡಿದ್ರೆ ಗೊತ್ತಾಗ್ತದೆ, ಇವರ ಹೆಸರು ಅಲ್ಲಿ ಇಲ್ಲವೇ ಇಲ್ಲ.

ಕಿಚನ್ ಸೂಪರ್‌ವೈಸರ್ ಹತ್ರ ಹೇಳಿದ್ರೆ, ಕಂಪ್ಲೇಂಟ್ ಮಾಡಿದ್ರೆ ನಿನ್ನ ವೀಸಾ ಕ್ಯಾನ್ಸಲ್ ಅಂತ ಹೆದರಿಸಿದ. ಕ್ಯಾಂಪಿನವರಿಗೆ ಆ ಅಧಿಕಾರ ಇಲ್ಲ, ನಿಮ್ಮ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವ ಹಕ್ಕೂ ಇಲ್ಲ. ಸ್ಪಾನ್ಸರ್‌ಗೆ ಕಾಲ್ ಮಾಡಿದ್ಮೇಲೆ ಅಲ್ಲಿಂದ ಒಬ್ರು ಮೇಡಂ ಕ್ಯಾಂಪ್ ಡೈರೆಕ್ಟರ್ ಜೊತೆ ಮಾತಾಡಿ ನನ್ನನ್ನು ಚಿಕ್ಕ ಹುಡುಗರ ಕ್ಯಾಬಿನ್‌ಗೆ ಹಾಕಿಸಿದ್ರು, ಆ ಮಕ್ಕಳು ಎಷ್ಟು ಪ್ರೀತಿ ಮಾಡಿದ್ರು ಅಂತ ಹೇಳ್ಲಿಕ್ಕೆ ಸಾಧ್ಯ ಇಲ್ಲ, ಕೆಲಸ ನಿಜಕ್ಕೂ ಒಳ್ಳೆಯದೇ, ಅದಕ್ಕೇ ಸಿಟ್ಟು ಜಾಸ್ತಿ ಬರುವುದು. ಸ್ಪಾನ್ಸರ್ ಫೋನ್ ಎತ್ತದಿದ್ರೆ ಅಮೆರಿಕಾ ಸರ್ಕಾರದ್ದೇ ಜೆ-ವೀಸಾ ಹೆಲ್ಪ್‌ಲೈನ್ ಉಂಟು, 1-866-283-9090, ಹೋಗುವ ಮೊದಲೇ ಸೇವ್ ಮಾಡಿ ಇಟ್ಕೊಳ್ಳಿ.

ನಮ್ಮ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಸೊಸೈಟಿಯಲ್ಲಿ ತೆಗೆದ ಸಾಲದ ಕಂತು ಅಪ್ಪ ಈಗ್ಲೂ ಕಟ್ತಿದ್ದಾರೆ, ಇ-ಮೈಗ್ರೇಟ್‌ನಲ್ಲಿ ದೂರು ಹಾಕಿದ್ದೇವೆ, ಪೊಲೀಸ್ ಸ್ಟೇಶನ್‌ಗೂ ಕೊಟ್ಟಿದ್ದೇವೆ. ಅದೇ ಆಫೀಸಿನವರು ಈ ವರ್ಷವೂ ಕಾಲೇಜುಗಳಿಗೆ ಹೋಗಿ ಸೆಮಿನಾರ್ ಮಾಡ್ತಿದ್ದಾರೆ ಅಂತ ಕೇಳಿದೆ. ನಿಮ್ಮ ಕಾಲೇಜಿಗೆ ಯಾರಾದ್ರೂ ಇದೇ ಮಾತು ಹೇಳಿಕೊಂಡು ಬಂದ್ರೆ ಎಲ್ಲರ ಎದುರೇ ಎದ್ದು ನಿಂತು ಸ್ಪಾನ್ಸರ್ ಯಾರು, ಅವರ ನಂಬರ್ ಕೊಡಿ, ನಿಮ್ಮ ರಿಜಿಸ್ಟ್ರೇಶನ್ ನಂಬರ್ ಎಂತ ಅಂತ ಕೇಳಿ, ಕೊಡ್ಲಿಕ್ಕೆ ತಡವರಿಸಿದ್ರೆ ಪಾಸ್‌ಪೋರ್ಟ್ ಕಾಪಿ ಕೂಡ ಅವರ ಕೈಗೆ ಕೊಡ್ಬೇಡಿ.